ಸೈನಿಕನೂ ನಮ್ಮೂರವನೇ, ಸಂಸತ್ತಿನ ಬಾಯಿಗೆ ಬೀಗ ಹಾಕಿದವರೂ ನಮ್ಮೂರವರೇ

2023ರ ಮಾರ್ಚ್ 23. ಲೋಕಸಭೆಯಲ್ಲಿ 45 ಲಕ್ಷ ಕೋಟಿ ರೂಪಾಯಿಯ ಬಜೆಟ್ ಪಾಸಾಯಿತು. ಚರ್ಚೆ ಎಷ್ಟು ಹೊತ್ತು ನಡೆಯಿತು? ನಡೆಯಲೇ ಇಲ್ಲ. ಒಂದೇ ಒಂದು ಇಲಾಖೆಯ ಬಗ್ಗೆಯೂ ನಡೆಯಲಿಲ್ಲ. ಕೂಗುವವರು ಕೂಗುತ್ತಲೇ ಇದ್ದರು, ಕೈ ಎತ್ತುವವರು ಎತ್ತಿದರು, ಕೆಲವೇ ನಿಮಿಷಗಳಲ್ಲಿ ಗಂಟು ಕಟ್ಟಿ ಕೊಟ್ಟರು. ಆ ಗಂಟಿನೊಳಗೆ ಸೇನೆಯ ದುಡ್ಡೂ ಇತ್ತು. 5.94 ಲಕ್ಷ ಕೋಟಿ.

ಆವತ್ತು ಸಂಸದೀಯ ವ್ಯವಹಾರಗಳ ಸಚಿವರು ಯಾರಾಗಿದ್ದರು? ಪ್ರಲ್ಹಾದ ಜೋಶಿ. ಯಾವ ಊರಿನ ಎಂಪಿ? ನಮ್ಮ ಊರಿನ ಎಂಪಿ. ಹುಬ್ಬಳ್ಳಿಯ ಕೇಶ್ವಾಪುರದ ಮಂದಿ, ಕುಂದಗೋಳದ ಮಂದಿ, ನವಲಗುಂದದ ಮಂದಿ, ಧಾರವಾಡದ ಮಂದಿ ಬಟನ್ ಒತ್ತಿ ದಿಲ್ಲಿಗೆ ಕಳಿಸಿದ ಮನುಷ್ಯ. ಸದನದಲ್ಲಿ ಸರಕಾರದ ಕೆಲಸ ಯಾವುದು, ಯಾವಾಗ, ಎಷ್ಟು ಹೊತ್ತು ಎಂದು ಹೊಂದಿಸುವುದೇ ಆ ಖಾತೆಯ ಕೆಲಸ. ಎರಡೂ ಕಡೆಯವರನ್ನು ಕೂರಿಸಿ, ಮಾತಾಡಿಸಿ, ಸದನ ನಡೆಸುವುದೇ ಆ ಕುರ್ಚಿಯ ಧರ್ಮ. ಆ ಕುರ್ಚಿಯಲ್ಲಿ ನಮ್ಮವರೇ ಕೂತಿದ್ದಾಗ ದೇಶದ ಸೇನೆಯ ಖರ್ಚು ಒಂದು ಪ್ರಶ್ನೆಯೂ ಇಲ್ಲದೆ ದಾಟಿಹೋಯಿತು.

ನಾವೇನು ಮಾಡಿದೆವು? ಕೇಶ್ವಾಪುರ ಸರ್ಕಲ್‌ನಲ್ಲಿ ನಿಂತು ಚಹಾ ಕುಡಿದೆವು.

ಲೆಕ್ಕ ಹಾಕಿ ನೋಡ್ರಿ. 2025–26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ದಿನಕ್ಕೆ 1,866 ಕೋಟಿ ಆಯಿತು. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸು ಓಡಿಸಲು ಸುಮಾರು ಸಾವಿರ ಕೋಟಿ ಸುರಿದರು. ಆ ಸಾವಿರ ಕೋಟಿಗಾಗಿ ನಾವು ಎಷ್ಟು ವರ್ಷ ಜಗಳಾಡಿದೆವು? ರಸ್ತೆ ಅಗೆದದ್ದಕ್ಕೆ ಜಗಳ, ಮರ ಕಡಿದದ್ದಕ್ಕೆ ಜಗಳ, ಮಳೆ ಬಂದರೆ ನಿಲ್ಲುವ ನೀರಿಗೆ ಜಗಳ. ಆಡಲೇಬೇಕಿತ್ತು, ನಮ್ಮ ದುಡ್ಡು. ಸೇನೆ ಒಂದೇ ದಿನಕ್ಕೆ ಅದರ ಹೆಚ್ಚುಕಡಿಮೆ ಎರಡರಷ್ಟು ಖರ್ಚು ಮಾಡುತ್ತದೆ. ಅದು ಯಾರ ದುಡ್ಡು? ಅದರ ಬಗ್ಗೆ ಮಾತ್ರ ಬಾಯಿ ಯಾಕೆ ಹೊಲಿದುಕೊಂಡಿದ್ದೇವೆ?

ಸಂವಿಧಾನ ಹೇಳಿದ್ದು ಇದಲ್ಲ. ಲೋಕಸಭೆ ಒಪ್ಪದೆ ಸರಕಾರ ಒಂದು ರೂಪಾಯಿಯನ್ನೂ ಖರ್ಚು ಮಾಡುವಂತಿಲ್ಲ. ಪ್ರತಿ ಇಲಾಖೆ ತನ್ನ ಅನುದಾನ ಬೇಡಿಕೆಯನ್ನು ಸದನದ ಮುಂದೆ ಇಡಬೇಕು. ಅದನ್ನು ಮೊದಲು ಸ್ಥಾಯಿ ಸಮಿತಿ ಪರಿಶೀಲಿಸಬೇಕು. ರಕ್ಷಣೆಯ ಸ್ಥಾಯಿ ಸಮಿತಿ 1993ರಿಂದ ಇದೆ. ಎರಡೂ ಸದನದ 31 ಮಂದಿ ಅದರಲ್ಲಿ ಕೂರುತ್ತಾರೆ. ಸೇನಾಧಿಕಾರಿಗಳನ್ನು ಕರೆಸುತ್ತಾರೆ, ಕೇಳುತ್ತಾರೆ, ವರದಿ ಬರೆಯುತ್ತಾರೆ. ಆ ವರದಿ ಹಿಡಿದುಕೊಂಡು ಲೋಕಸಭೆ ಚರ್ಚಿಸಬೇಕು, ಬೇಕಾದರೆ ಕತ್ತರಿಸಬೇಕು, ಆಮೇಲೆ ಮತ ಹಾಕಬೇಕು. ಹೊತ್ತು ಮೀರಿತು ಎಂದರೆ ಸ್ಪೀಕರ್ ಉಳಿದ ಎಲ್ಲ ಬೇಡಿಕೆಗಳನ್ನೂ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಸಂಸತ್ತಿನಲ್ಲಿ ಇದನ್ನು ಗಿಲೋಟಿನ್ ಅನ್ನುತ್ತಾರೆ. ಕಡೇ ಗಳಿಗೆಗೆಂದು ಇಟ್ಟ ಉಪಾಯ ಅದು. ಈಗ ಅದೇ ಹೆದ್ದಾರಿ. 2025ರ ಮಾರ್ಚಿನಲ್ಲಿ ಲೋಕಸಭೆ ರೈಲ್ವೆ, ಜಲಶಕ್ತಿ, ಕೃಷಿ ಎಂದು ಮೂರು ಇಲಾಖೆ ಚರ್ಚಿಸಿ, ಉಳಿದದ್ದನ್ನೆಲ್ಲ ಗಿಲೋಟಿನ್‌ಗೆ ಕೊಟ್ಟಿತು. 6.81 ಲಕ್ಷ ಕೋಟಿಯ ರಕ್ಷಣೆಯೂ ಆ ರಾಶಿಯಲ್ಲಿ ಹೋಯಿತು.

2018ರ ಕಥೆ ಕೇಳಿದರೆ ರಕ್ತ ಕುದಿಯುತ್ತದೆ.

ಆ ವರ್ಷ ರಕ್ಷಣೆಯ ಸ್ಥಾಯಿ ಸಮಿತಿಗೆ ಬಿ.ಸಿ. ಖಂಡೂರಿ ಅಧ್ಯಕ್ಷರು. ನಿವೃತ್ತ ಮೇಜರ್ ಜನರಲ್. ಆಳುವ ಪಕ್ಷದವರೇ. ಅವರ ಸಮಿತಿಯ ಮುಂದೆ ಭೂಸೇನೆಯ ಉಪ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಶರತ್ ಚಂದ್ ಬಂದು ಮುಚ್ಚುಮರೆ ಇಲ್ಲದೆ ಹೇಳಿದರು: ನಮ್ಮ ಸಲಕರಣೆಗಳಲ್ಲಿ ನೂರಕ್ಕೆ 68 ಪಾಲು ಹಳೇ ಕಾಲದ್ದು, ಹೊಚ್ಚ ಹೊಸದು ಬರೀ 8 ಪಾಲು. ಆಧುನೀಕರಣಕ್ಕೆ ಕೊಟ್ಟದ್ದು 21,338 ಕೋಟಿ, ಈಗಾಗಲೇ ಮಾಡಿದ ಖರೀದಿಗಳ ಕಂತು ಕಟ್ಟಲಿಕ್ಕೇ 29,033 ಕೋಟಿ ಬೇಕು. ಹಳೇ ಬಾಕಿಗೇ ಸಾಲದ ದುಡ್ಡು, ಹೊಸದು ಎಲ್ಲಿಂದ ಬರಬೇಕು? ಇದನ್ನು ಹೇಳಿದ್ದು ವಿರೋಧ ಪಕ್ಷವೂ ಅಲ್ಲ, ಪತ್ರಕರ್ತರೂ ಅಲ್ಲ. ಸಮವಸ್ತ್ರ ತೊಟ್ಟ ಸೇನಾಧಿಕಾರಿ.

ಆ ವರದಿ ಸಂಸತ್ತಿಗೆ ಬಂದದ್ದು 2018ರ ಮಾರ್ಚ್ 13ರಂದು. ಮರುದಿನ, ಮಾರ್ಚ್ 14ರಂದು, ಲೋಕಸಭೆ ಇಡೀ ಬಜೆಟ್ಟನ್ನು ಚರ್ಚೆಯಿಲ್ಲದೆ ಪಾಸು ಮಾಡಿತು.

ಮರುದಿನವೇ! ವರದಿಯ ಹಾಳೆ ತಿರುವಿ ನೋಡಲಿಕ್ಕಾದರೂ ಪುರುಸೊತ್ತು ಇತ್ತೇ ಇವರಿಗೆ?

ಆಗ ಸಂಸದೀಯ ವ್ಯವಹಾರಗಳ ಸಚಿವರು ಯಾರಾಗಿದ್ದರು? ಅನಂತಕುಮಾರ್. ಹುಬ್ಬಳ್ಳಿಯ ರೈಲ್ವೆ ನೌಕರರ ಮಗ. ಇಲ್ಲಿಯ ಕಾಲೇಜಿನಲ್ಲಿ ಕಲಿತು, ಇಲ್ಲಿಯ ಬೀದಿಯಲ್ಲಿ ರಾಜಕಾರಣ ಶುರು ಮಾಡಿದವರು. ಅವರು ಈಗ ಇಲ್ಲ. ಆದರೂ ದಾಖಲೆ ದಾಖಲೆಯೇ. ಆಗ ರಕ್ಷಣಾ ಸಚಿವೆ ಯಾರು? ನಿರ್ಮಲಾ ಸೀತಾರಾಮನ್. ರಾಜ್ಯಸಭೆಗೆ ಆರಿಸಿ ಹೋದದ್ದು ಕರ್ನಾಟಕದಿಂದ. 2023ರಲ್ಲಿ ಹಣಕಾಸು ಸಚಿವೆ? ಅವರೇ. ಎರಡು ಸಲವೂ ಬಾಗಿಲ ಕೀಲಿಕೈ ಕರ್ನಾಟಕದ ಕೈಯಲ್ಲಿ, ಅದರಲ್ಲೂ ಹುಬ್ಬಳ್ಳಿಯ ಕೈಯಲ್ಲಿ. ಎರಡು ಸಲವೂ ಬಾಗಿಲು ಬಂದ್.

ಖಂಡೂರಿ ಏನಾದರು? ಅದೇ ಸೆಪ್ಟೆಂಬರಿನಲ್ಲಿ ಸಮಿತಿಯ ಅಧ್ಯಕ್ಷ ಸ್ಥಾನ ಕಲರಾಜ್ ಮಿಶ್ರಾ ಅವರಿಗೆ ಹೋಯಿತು. ಯಾಕೆ ಬದಲಾಯಿಸಿದರು? ಯಾರಾದರೂ ನಮಗೆ ಕಾರಣ ಹೇಳಿದರೇ?

ಇದು ದೊಡ್ಡವರ ವಿಷಯ, ನಮಗ್ಯಾಕೆ ಅನ್ನುತ್ತೀರಾ? ಹಾಗಾದರೆ ಬೆಟದೂರಿಗೆ ಹೋಗೋಣ.

ಕುಂದಗೋಳ ತಾಲೂಕಿನ ಬೆಟದೂರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅಲ್ಲಿಯ ಹುಡುಗ. 19ನೇ ಮದ್ರಾಸ್ ಪಡೆಯವನು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಮಂದಿ ಅದರಡಿ ಸಿಕ್ಕಿಬಿದ್ದರು. ಅವರಲ್ಲಿ ಮೂವರು ಕನ್ನಡಿಗರು. ಆರು ದಿನ ಕಳೆದ ಮೇಲೂ ಹನುಮಂತಪ್ಪ ಉಸಿರಾಡುತ್ತಿದ್ದ. ದೇಶವೇ ಕೈ ಮುಗಿದು ಕೂತಿತ್ತು. ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಜೀವ ಹೋಯಿತು. ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಪೆಟ್ಟಿಗೆ ಬಂದಾಗ ಊರಿಗೆ ಊರೇ ನೆರೆದಿತ್ತು. ಮಂತ್ರಿಗಳು ಬಂದರು, ಶಾಸಕರು ಬಂದರು, ಹೂವಿನ ಹಾರ ಬಂತು, ಕ್ಯಾಮೆರಾ ಬಂತು. ಸರ್ಕಲ್ಲಿಗೊಂದು ಫ್ಲೆಕ್ಸ್ ಎದ್ದಿತು. ಫ್ಲೆಕ್ಸಿನಲ್ಲಿ ಸೈನಿಕನ ಮುಖಕ್ಕಿಂತ ಪುಢಾರಿಗಳ ಮುಖಗಳೇ ಹೆಚ್ಚು.

ಈಗ ಇದನ್ನು ಓದ್ರಿ. 2020ರ ಫೆಬ್ರವರಿಯಲ್ಲಿ, ಹನುಮಂತಪ್ಪ ಸತ್ತು ನಾಲ್ಕು ವರ್ಷವಾದ ಹೊತ್ತಿಗೆ, ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಒಂದು ವರದಿ ಹೊರಗೆ ಬಂತು. ಸಿಯಾಚಿನ್, ಲಡಾಖ್‌ನಂಥ ಎತ್ತರದ ಠಾಣೆಗಳಲ್ಲಿ ಸೈನಿಕರಿಗೆ ಏನು ಕೊಟ್ಟರು, ಏನು ಕೊಡಲಿಲ್ಲ ಎಂಬ ಲೆಕ್ಕ. 2015ರ ನವೆಂಬರಿನಿಂದ 2016ರ ಸೆಪ್ಟೆಂಬರ್‌ವರೆಗೆ ಹಿಮದಲ್ಲಿ ಹಾಕುವ ಬಹುಬಳಕೆಯ ಬೂಟು ಕೊಟ್ಟಿರಲಿಲ್ಲ. ಇದ್ದ ಹಳೇ ಬೂಟುಗಳನ್ನೇ ಮತ್ತೆ ಬಳಸಿದರು. ಹಿಮದ ಕನ್ನಡಕಗಳ ಕೊರತೆ ನೂರಕ್ಕೆ 62ರಿಂದ 98. ಮುಖಗವಸು, ಜಾಕೆಟ್ಟು, ಮಲಗುವ ಚೀಲ ಹಳೇ ನಮೂನೆಯವು. ಊಟದಲ್ಲೂ ಖೋತಾ. ರಕ್ಷಣಾ ಸಚಿವಾಲಯ ಕೊಟ್ಟ ಸಮಜಾಯಿಷಿಯಲ್ಲಿ ಒಂದು ಕಾರಣ ಹೀಗಿತ್ತು: ಬಜೆಟ್ ಸಾಲಲಿಲ್ಲ.

ಬೂಟಿನ ಕೊರತೆಯಿಂದ ಹಿಮಕುಸಿತ ಆಗುವುದಿಲ್ಲ. ಆ ಹತ್ತು ಮಂದಿಯ ಕಾಲಲ್ಲಿ ಯಾವ ಬೂಟಿತ್ತು ಎಂದೂ ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟೇ. ನೆಹರೂ ಮೈದಾನದಲ್ಲಿ ನಾವು ಕಣ್ಣೀರು ಹಾಕುತ್ತಿದ್ದ ಅದೇ ತಿಂಗಳು, ಅದೇ ಚಳಿಗಾಲ, ಎತ್ತರದ ಠಾಣೆಗಳಲ್ಲಿದ್ದ ಸೈನಿಕರಿಗೆ ಈ ದೇಶ ಹೊಸ ಬೂಟು ಕೊಟ್ಟಿರಲಿಲ್ಲ. ಪೆಟ್ಟಿಗೆಯ ಮೇಲೆ ಹಾರ ಇಟ್ಟವರಿಗೆ ಇದು ಗೊತ್ತಿತ್ತೇ? ಗೊತ್ತಿದ್ದೂ ಸುಮ್ಮನಿದ್ದರೆ ಅದು ಕ್ರೌರ್ಯ. ಗೊತ್ತಿಲ್ಲದಿದ್ದರೆ, ತಿಳಿದುಕೊಳ್ಳುವುದಕ್ಕೇ ಅಲ್ಲವೇ ನಿಮ್ಮನ್ನು ದಿಲ್ಲಿಗೆ ಕಳಿಸಿದ್ದು? ಬೂಟಿಗೆ ದುಡ್ಡು ಸಾಲುತ್ತದೋ ಇಲ್ಲವೋ ಎಂದು ಕೇಳುವ ಜಾಗಕ್ಕೆ ಅನುದಾನ ಬೇಡಿಕೆಯ ಚರ್ಚೆ ಅನ್ನುತ್ತಾರೆ. ಆ ಚರ್ಚೆಯನ್ನೇ ಕೊಂದು ಹಾಕಿ, ಆಮೇಲೆ ಹುತಾತ್ಮರ ಫೋಟೋಕ್ಕೆ ಹೂ ಏರಿಸುತ್ತೀರಲ್ಲ, ಕೈ ನಡುಗುವುದಿಲ್ಲವೇ?

ಪ್ರಶ್ನೆ ಕೇಳಿದರೆ ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದಾರೆ. ದೇಶದ ಭದ್ರತೆ. ಗುಟ್ಟಿನ ವಿಷಯ. ಕೇಳಿದವನೇ ದೇಶದ್ರೋಹಿ.

ಯಾವುದು ಗುಟ್ಟು? ಕ್ಷಿಪಣಿಯ ನಕ್ಷೆ ಯಾರು ಕೇಳಿದರು? ಪಡೆ ಎಲ್ಲಿ ನಿಂತಿದೆ ಎಂದು ಯಾರು ಕೇಳಿದರು? ಬೂಟು ಗುಟ್ಟೇ? ಕನ್ನಡಕ ಗುಟ್ಟೇ? ಗುತ್ತಿಗೆ ಹಿಡಿದವರು ಹೇಳಿದ ಹೊತ್ತಿಗೆ ಯಾಕೆ ಕೊಡಲಿಲ್ಲ ಎಂಬುದು ಗುಟ್ಟೇ? ಜರ್ಮನಿಯಲ್ಲಿ ಎರಡೂವರೆ ಕೋಟಿ ಯೂರೋ ಮೀರಿದ ಪ್ರತಿಯೊಂದು ಸೇನಾ ಖರೀದಿಯೂ ಸಂಸತ್ತಿನ ಬಜೆಟ್ ಸಮಿತಿಯ ಒಪ್ಪಿಗೆ ಪಡೆಯಬೇಕು. ನಮ್ಮ ಲೆಕ್ಕದಲ್ಲಿ ಸುಮಾರು ಇನ್ನೂರೈವತ್ತು ಕೋಟಿ ರೂಪಾಯಿ. ಅಮೆರಿಕದ ಸಮಿತಿಗಳು ಸೇನಾಪತಿಗಳನ್ನು ಟಿವಿ ಕ್ಯಾಮೆರಾದ ಎದುರು ಕೂರಿಸಿ ಬೆವರಿಳಿಸುತ್ತವೆ. ಆ ದೇಶಗಳ ಭದ್ರತೆ ಕೆಟ್ಟುಹೋಯಿತೇ?

ಹೊರದೇಶ ಯಾಕೆ ಬೇಕು? 1962ಕ್ಕೆ ಹೋಗ್ರಿ. ಅಕ್ಟೋಬರ್ 20ರಂದು ಚೀನಾ ಮೇಲೆ ಬಿತ್ತು. ಗುಂಡು ಹಾರುತ್ತಿರುವಾಗಲೇ, ನವೆಂಬರ್ 8ಕ್ಕೆ, ನೆಹರೂ ಸರಕಾರ ಲೋಕಸಭೆಯಲ್ಲಿ ಚರ್ಚೆಗೆ ಕೂತಿತು. ಒಂದು ವಾರ ಚರ್ಚೆ ನಡೆಯಿತು. 165 ಮಂದಿ ಮಾತಾಡಿದರು. ಪ್ರಧಾನಿಯ ಮುಖಕ್ಕೇ ಬೈದರು. ಅಷ್ಟರೊಳಗೆ ಕೃಷ್ಣ ಮೆನನ್ ಸಂಪುಟ ಬಿಟ್ಟಾಗಿತ್ತು. ಸೋಲುತ್ತಿದ್ದ ದೇಶಕ್ಕೆ ಚರ್ಚಿಸುವ ಎದೆಗಾರಿಕೆ ಇತ್ತು. ಗೆಲ್ಲುತ್ತಿದ್ದೇವೆ ಎಂದು ಎದೆ ಬಡಿದುಕೊಳ್ಳುವವರಿಗೆ ಯಾಕಿಲ್ಲ?

2020ರಲ್ಲಿ ಏನಾಯಿತು? ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ಚೀನೀಯರ ಜೊತೆಗಿನ ಕಾದಾಟದಲ್ಲಿ ನಮ್ಮ 20 ಸೈನಿಕರು ಸತ್ತರು. ಸೆಪ್ಟೆಂಬರಿನಲ್ಲಿ ಸಂಸತ್ತು ಸೇರಿತು, ಪ್ರಶ್ನೋತ್ತರ ಅವಧಿಯೇ ರದ್ದು. ಡಿಸೆಂಬರಿನಲ್ಲಿ ಚಳಿಗಾಲದ ಅಧಿವೇಶನವೇ ರದ್ದು. ಕೊರೊನಾ ಎಂದರು. ಆ ಹೊತ್ತಿಗೆ ಚುನಾವಣಾ ಸಭೆಗಳಿಗೆ ಕೊರೊನಾ ಅಡ್ಡ ಬರಲಿಲ್ಲ. ಅಧಿವೇಶನ ಇಲ್ಲ ಎಂದು ಪತ್ರ ಬರೆದವರು ಯಾರು? ಮತ್ತೆ ನಮ್ಮ ಎಂಪಿ ಸಾಹೇಬರು. 2022ರ ಡಿಸೆಂಬರಿನಲ್ಲಿ ತವಾಂಗ್ ಬಳಿ ಮತ್ತೆ ಗುದ್ದಾಟ ಆಯಿತು. ರಕ್ಷಣಾ ಸಚಿವರು ಒಂದು ಹೇಳಿಕೆ ಓದಿದರು. ಚರ್ಚೆ ಕೊಡ್ರಿ ಎಂದು ವಿರೋಧ ಪಕ್ಷ ಬಡಕೊಂಡಿತು. ಕೊಡಲಿಲ್ಲ. 2023ರ ಡಿಸೆಂಬರಿನಲ್ಲಿ ಸಂಸತ್ತಿನೊಳಗೇ ಹೊಗೆ ಡಬ್ಬಿ ಹಿಡಿದು ಹುಡುಗರು ನುಗ್ಗಿದರು. ಗೃಹ ಸಚಿವರು ಉತ್ತರ ಕೊಡಲಿ ಎಂದು ಕೂಗಿದ ಎರಡೂ ಸದನಗಳ 146 ಮಂದಿಯನ್ನು ಹೊರಗೆ ಹಾಕಿದರು. ಲೋಕಸಭೆಯಲ್ಲಿ ಅಮಾನತಿನ ಠರಾವುಗಳಲ್ಲಿ ಹಲವನ್ನು ಮಂಡಿಸಿದವರು ಜೋಶಿಯವರೇ.

ಸಾಹೇಬ್ರ, ನಿಮ್ಮನ್ನು ಧಾರವಾಡ ಜಿಲ್ಲೆ ದಿಲ್ಲಿಗೆ ಕಳಿಸಿದ್ದು ಬಾಗಿಲು ಕಾಯಲಿಕ್ಕೋ, ಬಾಗಿಲು ಹಾಕಲಿಕ್ಕೋ?

ಅಗ್ನಿಪಥ ನೆನಪಿದೆಯೇ? 2022ರ ಜೂನ್ 14ರಂದು ಸಂಪುಟ ಒಪ್ಪಿತು, ಅದೇ ದಿನ ಘೋಷಣೆ. ನಾಲ್ಕು ವರ್ಷ ಕೆಲಸ, ಆಮೇಲೆ ನೂರಕ್ಕೆ 25 ಮಂದಿ ಮಾತ್ರ ಒಳಗೆ, ಉಳಿದವರು ಮನೆಗೆ. ಸೇನೆಗೆ ಸೇರುವ ದಾರಿಯನ್ನೇ ಬುಡಮೇಲು ಮಾಡುವ ತೀರ್ಮಾನ. ಸಂಸತ್ತಿನಲ್ಲಿ ಮಸೂದೆ ಬಂತೇ? ಇಲ್ಲ. ಮೊದಲು ಚರ್ಚೆಯಾಯಿತೇ? ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓಡಿ ಓಡಿ ಕಾಲು ಸವೆಸಿದ ನಮ್ಮ ಹುಡುಗರು ಧಾರವಾಡದ ಬೀದಿಗಿಳಿದರು. ಅವರಿಗೆ ಸಿಕ್ಕಿದ್ದು ಪೊಲೀಸರ ಲಾಠಿ. ಸಂಸತ್ತು ಕೇಳಬೇಕಿದ್ದ ಪ್ರಶ್ನೆಯನ್ನು ಇಪ್ಪತ್ತು ವರ್ಷದ ಹುಡುಗ ಬೀದಿಯಲ್ಲಿ ನಿಂತು ಕೇಳಿದ. ಅವನ ಬೆನ್ನ ಮೇಲೆ ಬಾಸುಂಡೆ ಬಂತು. ಕೇಳದೆ ಕೂತವರಿಗೆ ಭತ್ಯೆ ಬಂತು. ಇದು ನ್ಯಾಯವೇ?

ಬೆಂಗಳೂರಿನ ಎಚ್‌ಎಎಲ್ ನೋಡ್ರಿ. ಹೆಮ್ಮೆಯ ಕಾರ್ಖಾನೆ. 2021ರ ಫೆಬ್ರವರಿಯಲ್ಲಿ 83 ತೇಜಸ್ ಮಾರ್ಕ್–1ಎ ವಿಮಾನಗಳ ಒಪ್ಪಂದವಾಯಿತು. 2024ರ ಮಾರ್ಚ್ ಹೊತ್ತಿಗೆ ಮೊದಲನೆಯದು ಬರಬೇಕಿತ್ತು. ಬರಲಿಲ್ಲ. ಅಮೆರಿಕದಿಂದ ಎಂಜಿನ್ ಬರಲಿಲ್ಲ ಎಂದರು. ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚಿನಲ್ಲಿ. ಯಲಹಂಕದ ಏರ್ ಶೋದಲ್ಲಿ ವಾಯುಪಡೆಯ ಮುಖ್ಯಸ್ಥರೇ ಎಚ್‌ಎಎಲ್ ಮೇಲೆ ಭರವಸೆ ಉಳಿದಿಲ್ಲ ಎಂದು ಆಡಿದ ಮಾತು ಕ್ಯಾಮೆರಾಕ್ಕೆ ಸಿಕ್ಕಿತು. 2025ರ ಸೆಪ್ಟೆಂಬರಿನಲ್ಲಿ, ಮೊದಲ 83ರಲ್ಲಿ ಒಂದೂ ವಾಯುಪಡೆಯ ಕೈಗೆ ಸೇರುವ ಮೊದಲೇ, ಇನ್ನೂ 97 ವಿಮಾನಗಳಿಗೆ 62,370 ಕೋಟಿಯ ಸಹಿ ಬಿತ್ತು. ಖರೀದಿ ತಪ್ಪೇ ಇರಲಿಕ್ಕಿಲ್ಲ. ವಾಯುಪಡೆಗೆ ವಿಮಾನ ಬೇಕೇ ಬೇಕು. ಆದರೆ ತಡವಾದದ್ದು ಯಾರಿಂದ, ಅದಕ್ಕೆ ಹೊಣೆ ಯಾರು ಎಂದು ಒಂದು ದಿನ ಲೋಕಸಭೆ ಕೂತು ಕೇಳಬಾರದಿತ್ತೇ? ವಾಯುಪಡೆಯ ಮುಖ್ಯಸ್ಥರಿಗೇ ಹೇಳಿಕೊಳ್ಳಲು ಸಂಸತ್ತಿಗಿಂತ ಏರ್ ಶೋದ ಕಟ್ಟೆ ವಾಸಿ ಅನ್ನಿಸಿದರೆ, ಮಾನ ಹೋದದ್ದು ಯಾರದು?

ಕಾಂಗ್ರೆಸ್ಸಿನವರು ಇದನ್ನು ಓದಿ ಚಪ್ಪಾಳೆ ತಟ್ಟುವುದು ಬೇಡ. ನಿಮ್ಮ ಕೈಯೂ ಮಸಿಯೇ. 2004ರಲ್ಲಿ, 2013ರಲ್ಲಿ ಬಜೆಟ್ಟಿನ ಎಲ್ಲ ಬೇಡಿಕೆಗಳನ್ನೂ ಗಿಲೋಟಿನ್‌ಗೆ ಕೊಟ್ಟದ್ದು ನಿಮ್ಮದೇ ಆಳ್ವಿಕೆ. ಬೊಫೋರ್ಸ್ ಫಿರಂಗಿ ಖರೀದಿ ಮರೆತಿರಾ? 1987ರಲ್ಲಿ ಜಂಟಿ ಸಂಸದೀಯ ಸಮಿತಿ ಮಾಡಿದಿರಿ. ವಿರೋಧ ಪಕ್ಷಗಳು ಬಹಿಷ್ಕರಿಸಿದ ಆ ಸಮಿತಿಯ ಅಧ್ಯಕ್ಷರು ಯಾರು? ಬಿ. ಶಂಕರಾನಂದ. ನಮ್ಮ ಪಕ್ಕದ ಚಿಕ್ಕೋಡಿಯ ಎಂಪಿ. 1988ರಲ್ಲಿ ಸಮಿತಿ ಎಲ್ಲವೂ ಸರಿಯಾಗಿದೆ ಎಂದು ಷರಾ ಬರೆಯಿತು. ಮರುವರ್ಷ ಸಿಎಜಿ ಟಿ.ಎನ್. ಚತುರ್ವೇದಿ ಅದೇ ಖರೀದಿಯ ಹುಳುಕು ತೆರೆದಿಟ್ಟರು. ವಿರೋಧ ಪಕ್ಷದ ಸಂಸದರು ಸಾಮೂಹಿಕವಾಗಿ ರಾಜೀನಾಮೆ ಎಸೆದು ಹೊರಬಂದರು. ಇದೇ ಚತುರ್ವೇದಿ ಮುಂದೆ ನಮ್ಮ ರಾಜ್ಯಪಾಲರಾಗಿ ಬಂದರು. ಕರ್ನಾಟಕಕ್ಕೆ ಎರಡೂ ಮಾದರಿ ಗೊತ್ತಿದೆ. ಮುಚ್ಚಿದವರೂ ಗೊತ್ತು, ಬಿಚ್ಚಿದವರೂ ಗೊತ್ತು. ನಾವು ಯಾವಾಗಲೂ ಮುಚ್ಚುವವರನ್ನೇ ಆರಿಸಿ ಕಳಿಸುವುದೇಕೆ?

ವಿರೋಧ ಪಕ್ಷದಲ್ಲಿ ಕೂತವರಿಗೂ ಒಂದು ಮಾತು. ಸದನದ ಬಾವಿಗಿಳಿದು ಫಲಕ ಹಿಡಿದು ಕೂಗುವುದು ಟಿವಿಗೆ ಚೆಂದ. ಆ ಗದ್ದಲವೇ ಸರಕಾರಕ್ಕೆ ಸಿಗುವ ನೆಪ. 2018ರಲ್ಲಿ ನೀವು ಕೂಗಿದಿರಿ. 2023ರಲ್ಲಿ ಆಳುವವರೂ ಕೂಗಿದರು, ನೀವೂ ಕೂಗಿದಿರಿ. ಇಬ್ಬರ ಕೂಗಿನ ನಡುವೆ 5.94 ಲಕ್ಷ ಕೋಟಿ ಸದ್ದಿಲ್ಲದೆ ಸರಿಯಿತು. ರಕ್ಷಣೆಯ ಬೇಡಿಕೆಯ ದಿನ ನಾವು ಕೂಗುವುದಿಲ್ಲ, ಕೂತು ಪ್ರಶ್ನೆ ಕೇಳುತ್ತೇವೆ ಎಂದು ಒಮ್ಮೆಯಾದರೂ ಹೇಳಿದಿರಾ?

ಉಳಿದದ್ದು ಸಿಎಜಿ. ಅದಕ್ಕೂ ಕೊರಳಪಟ್ಟಿ ಬಿಗಿದರು. ಯುದ್ಧವಾದರೆ 40 ದಿನಕ್ಕೆ ಸಾಲುವಷ್ಟು ಮದ್ದುಗುಂಡು ಇರಬೇಕು, ಆದರೆ ನೂರರಲ್ಲಿ 40 ಬಗೆಯವು 10 ದಿನಕ್ಕೂ ಸಾಲವು ಎಂದು 2017ರಲ್ಲಿ ಸಿಎಜಿ ಎಚ್ಚರಿಸಿತ್ತು. ಆಮೇಲೆ ಏನಾಯಿತು? ರಾಜೀವ್ ಮೆಹರ್ಷಿ ಸಿಎಜಿ ಆಗಿದ್ದ ಕಾಲಕ್ಕೆ ರಕ್ಷಣೆಯ ವರದಿಗಳನ್ನು ಜಾಲತಾಣಕ್ಕೆ ಹಾಕುವುದನ್ನೇ ನಿಲ್ಲಿಸಿದರು. ರಫೇಲ್ ಯುದ್ಧವಿಮಾನ ಖರೀದಿಯ ವರದಿ ಸಂಸತ್ತಿಗೆ ಬಂದದ್ದು 2019ರ ಫೆಬ್ರವರಿ 13ಕ್ಕೆ. ಅದು ಆ ಲೋಕಸಭೆ ಕೂತ ಕಡೇ ದಿನ. ಬೆಲೆಯ ಅಂಕಿಗಳ ಮೇಲೆ ಮಸಿ. ಯಾವ ಸಮಿತಿ ಓದಬೇಕಿತ್ತು? ಯಾವ ಸಂಸದ ಕೇಳಬೇಕಿತ್ತು? ಮನೆಗೆ ಹೊರಟವರ ಕೈಗೆ ಪುಸ್ತಕ ಕೊಟ್ಟರೆ ಅದು ಲೆಕ್ಕ ಒಪ್ಪಿಸಿದಂತೆಯೇ?

ಈಗ ನಮ್ಮ ಸರದಿ. ತಪ್ಪಿಸಿಕೊಳ್ಳಬೇಡ್ರಿ.

ಕೇಶ್ವಾಪುರದ ಪಕ್ಕದಲ್ಲೇ ಬೆಂಗೇರಿ. ಅಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೆಣ್ಣುಮಕ್ಕಳು ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಟ್ಟೆಯ ಅಗಲ ಅಳೆದು, ಬಣ್ಣ ತಾಳೆ ನೋಡಿ, ಚಕ್ರದ ಗೆರೆ ಎಣಿಸಿ, ಒಂದು ಹೊಲಿಗೆ ತಪ್ಪಿದರೂ ಬದಿಗೆ ಎಸೆಯುತ್ತಾರೆ. ಧ್ವಜದ ಒಂದು ಎಳೆಗೆ ಅಷ್ಟು ತಪಾಸಣೆ. ಆ ಧ್ವಜ ಹೊದಿಸಿಕೊಂಡು ಬರುವ ಸೈನಿಕನ ಬೂಟಿಗೆ, ಊಟಕ್ಕೆ, ಗುಂಡಿಗೆ ಯಾವ ತಪಾಸಣೆ? ಬೆಂಗೇರಿಯ ಹೆಣ್ಣುಮಕ್ಕಳಿಗೆ ಇರುವ ಹೊಣೆಯಲ್ಲಿ ಒಂದು ಪಾಲಾದರೂ ಲೋಕಸಭೆಗೆ ಇದ್ದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಮತ್ತೆ ನಾವು? ಪೆಟ್ಟಿಗೆ ಬಂದಾಗ ಮೈದಾನ ತುಂಬುತ್ತೇವೆ. ಜೈಕಾರ ಹಾಕಿ ಗಂಟಲು ಹರಿದುಕೊಳ್ಳುತ್ತೇವೆ. ಸ್ಟೇಟಸ್ ಹಾಕುತ್ತೇವೆ. ಚುನಾವಣೆ ಬಂದಾಗ ಜಾತಿ ನೋಡುತ್ತೇವೆ, ಪಕ್ಷ ನೋಡುತ್ತೇವೆ, ಗಾಳಿ ಯಾವ ಕಡೆ ಬೀಸಿದೆ ಎಂದು ನೋಡುತ್ತೇವೆ. ಎಂಪಿ ಮನೆ ಬಾಗಿಲಿಗೆ ಬಂದರೆ ಗಟಾರ ಕೇಳುತ್ತೇವೆ, ರೈಲು ಕೇಳುತ್ತೇವೆ, ಮಗನಿಗೆ ವರ್ಗಾವಣೆ ಕೇಳುತ್ತೇವೆ. ಸೇನೆಯ ಬಜೆಟ್ಟಿನ ಮೇಲೆ ಎಷ್ಟು ತಾಸು ಮಾತಾಡಿದಿರಿ ಎಂದು ಒಬ್ಬರಾದರೂ ಕೇಳಿದ್ದೇವೆಯೇ? ಕೇಳದವರು ಇರುವ ತನಕ ಹೇಳದವರಿಗೆ ಯಾವ ಭಯ? ಈ ಪಾಪದಲ್ಲಿ ನಮ್ಮದೂ ಪಾಲಿದೆ.

ಬೇಕಾದದ್ದು ನಾಲ್ಕು. ಪ್ರತಿ ವರ್ಷ ರಕ್ಷಣೆಯ ಬೇಡಿಕೆ ಲೋಕಸಭೆಯಲ್ಲಿ ಕಡ್ಡಾಯವಾಗಿ ಚರ್ಚೆಯಾಗಬೇಕು, ಅದು ಗಿಲೋಟಿನ್ ರಾಶಿಗೆ ಹೋಗಕೂಡದು. ಯುದ್ಧದ ಗುಟ್ಟು ಗುಟ್ಟಾಗಿಯೇ ಇರಲಿ, ಆದರೆ ಬೂಟು, ಊಟ, ವಸತಿ, ಪಿಂಚಣಿ, ತಡವಾದ ಖರೀದಿ ಇವುಗಳ ಬಗ್ಗೆ ಸ್ಥಾಯಿ ಸಮಿತಿ ಬಾಗಿಲು ತೆರೆದು ವಿಚಾರಣೆ ನಡೆಸಬೇಕು. ಸಿಎಜಿಯ ರಕ್ಷಣಾ ವರದಿಗಳು ತಡವಿಲ್ಲದೆ ಸದನಕ್ಕೂ ಜನರಿಗೂ ಸಿಗಬೇಕು. ಸಮಿತಿ ಹೇಳಿದ್ದನ್ನು ಸರಕಾರ ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಸಚಿವರು ಸದನದಲ್ಲಿ ಎದ್ದು ನಿಂತು ಹೇಳಬೇಕು.

ಇದಾವುದೂ ತಾನಾಗಿ ಆಗುವುದಿಲ್ಲ. ಅಧಿಕಾರದಲ್ಲಿ ಕೂತವರು ಕೇಳಿದ ಹೊರತು ಕಿವಿ ಕೊಡುವವರಲ್ಲ, ತಿವಿದ ಹೊರತು ಏಳುವವರಲ್ಲ. ಹಾಗಾಗಿ ತಿವಿಯಬೇಕು. ಮುಂದಿನ ಮಾರ್ಚಿನಲ್ಲಿ ರಕ್ಷಣೆಯ ದುಡ್ಡು ಮತ್ತೆ ಬಾಯಿ ಮುಚ್ಚಿ ಪಾಸಾದರೆ, ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಬರುವ ಪ್ರತಿ ಎಂಪಿಯನ್ನು, ಪ್ರತಿ ಮಂತ್ರಿಯನ್ನು, ಪ್ರತಿ ಪಕ್ಷದ ಮುಖಂಡನನ್ನು ವೇದಿಕೆಯ ಕೆಳಗೇ ನಿಲ್ಲಿಸಿ ಕೇಳ್ರಿ: ನೀವು ಎದ್ದು ನಿಂತಿರಾ? ಏನು ಕೇಳಿದಿರಿ? ಎಷ್ಟು ಹೊತ್ತು? ಉತ್ತರ ಇಲ್ಲದವರಿಗೆ ನಮ್ಮೂರಿನ ಯಾವ ಸೈನಿಕನ ಪೆಟ್ಟಿಗೆಯ ಮುಂದೆಯೂ ಹಾರ ಹಿಡಿದು ನಿಲ್ಲುವ ಹಕ್ಕಿಲ್ಲ. ಅವರನ್ನು ಹತ್ತಿರ ಬಿಡಬೇಡ್ರಿ.